ದಂತವೈದ್ಯಕೀಯ ಪ್ರವೇಶ ಪರೀಕ್ಷೆ: ಕ್ಯಾಲ್ಕುಲೇಟರ್ ಇಲ್ಲದೆ ಪಿಎಚ್ ಲೆಕ್ಕ ಸರಿಹೋದ ಬಗೆ

ಅಮೆರಿಕದ ಡೆಂಟಲ್ ಅಡ್ಮಿಷನ್ ಟೆಸ್ಟ್‌ನ ವಿಜ್ಞಾನ ವಿಭಾಗದಲ್ಲಿ 90 ನಿಮಿಷಗಳಲ್ಲಿ 100 ಪ್ರಶ್ನೆಗಳಿಗೆ ಉತ್ತರಿಸಬೇಕು. ಅವುಗಳಲ್ಲಿ 30 ಸಾಮಾನ್ಯ ರಸಾಯನಶಾಸ್ತ್ರದವು, ಮತ್ತು ಈ ವಿಭಾಗದಲ್ಲಿ ಕ್ಯಾಲ್ಕುಲೇಟರ್ ಇರುವುದಿಲ್ಲ. ದುರ್ಬಲ ಆಮ್ಲದ ಪಿಎಚ್ (ಆಮ್ಲೀಯತೆಯ ಅಳತೆ) ಕಂಡುಹಿಡಿಯುವ ಒಂದೊಂದು ಪ್ರಶ್ನೆಗೂ ನನಗೆ ಮೂರು ನಿಮಿಷ ಹಿಡಿಯುತ್ತಿತ್ತು; ಸೂತ್ರ ಸರಿಯಿದ್ದರೂ ಉತ್ತರ ತಪ್ಪುತ್ತಿತ್ತು.

ಅಧ್ಯಾಯವನ್ನು ಮತ್ತೆ ಮತ್ತೆ ಓದಿದ್ದು, ಸೂತ್ರಗಳ ಚೀಟಿ ಮಾಡಿ ಬಾಯಿಪಾಠ ಮಾಡಿದ್ದು ಪ್ರಯೋಜನಕ್ಕೆ ಬರಲಿಲ್ಲ. ಕ್ಯಾಲ್ಕುಲೇಟರ್ ಹಿಡಿದು ನೂರಾರು ಲೆಕ್ಕ ಬಿಡಿಸಿದ್ದಂತೂ ನಿಜವಾದ ದೋಷವನ್ನೇ ಮರೆಮಾಡಿತು.

ತಪ್ಪಿದ ಲೆಕ್ಕಗಳನ್ನು ಸಾಲು ಸಾಲಾಗಿ ಪರಿಶೀಲಿಸಿದಾಗ, 10ರ ಘಾತಾಂಕ ಬೆಸವಾಗಿರುವಾಗ ವರ್ಗಮೂಲ ತೆಗೆಯುವಲ್ಲೇ ಎಡವುತ್ತಿರುವುದು ತಿಳಿಯಿತು. ಉದಾಹರಣೆಗೆ, 0.05 ಮೋಲಾರ್ ಸಾರತೆಯ ಅಸಿಟಿಕ್ ಆಮ್ಲವನ್ನು ತೆಗೆದುಕೊಳ್ಳೋಣ. ಅದರ ಅಯಾನೀಕರಣ ಸ್ಥಿರಾಂಕ 1.8×10⁻⁵, ಸಾರತೆಯೊಂದಿಗೆ ಗುಣಿಸಿದರೆ 9×10⁻⁷ ಬರುತ್ತದೆ. ನಾನು ಇಲ್ಲಿಯೇ 9ರ ಮೂಲ 3 ಎಂದು ಆತುರದಿಂದ ಬರೆದು, ಘಾತಾಂಕವನ್ನು ಅಂದಾಜಿನಲ್ಲಿ ಇಳಿಸುತ್ತಿದ್ದೆ. ಈಗ ಮೊದಲು ಅದನ್ನು 90×10⁻⁸ ಎಂದು ಬದಲಿಸಿಕೊಳ್ಳುತ್ತೇನೆ. ಆಮೇಲೆ ಮೂಲ ತೆಗೆದರೆ ಸುಮಾರು 9.5×10⁻⁴; ಇದೇ ಹೈಡ್ರೋಜನ್ ಅಯಾನುಗಳ ಸಾರತೆ. ಇದು 0.05ರ ಶೇಕಡಾ 2ಕ್ಕಿಂತ ಕಡಿಮೆಯಾದ್ದರಿಂದ ಹೀಗೆ ಗುಣಲಬ್ಧದ ಮೂಲ ತೆಗೆಯುವ ಅಂದಾಜು ಸೂತ್ರವೇ ಸಾಕು. ಇಲ್ಲಿ ಪಿಎಚ್ ಎಂದರೆ 4ರಿಂದ 9.5ರ ಲಾಗ್ ಕಳೆದದ್ದು, ಅಂದರೆ 3.02.

ಲಾಗ್‌ಗಾಗಿ 2ಕ್ಕೆ 0.30, 3ಕ್ಕೆ 0.48, 7ಕ್ಕೆ 0.85 ಎಂಬ ಮೂರನ್ನೇ ನೆನಪಿಟ್ಟುಕೊಂಡೆ. 6ಕ್ಕೆ ಮೊದಲೆರಡನ್ನು ಕೂಡಿದರೆ 0.78 ಸಿಗುತ್ತದೆ, 5ಕ್ಕೆ 1ರಿಂದ 0.30 ಕಳೆದರೆ 0.70. ಪ್ರತಿದಿನ ಹತ್ತು ಲೆಕ್ಕಗಳನ್ನು ಇದೇ ಕ್ರಮದಲ್ಲಿ, ಕಾಗದದ ಮೇಲೆ ಮಾತ್ರ, ಬಿಡಿಸಿದ ಮೇಲೆ ಒಂದು ಲೆಕ್ಕ ಒಂದು ನಿಮಿಷದೊಳಗೆ ಮುಗಿಯತೊಡಗಿತು.