ಗೋಡೆ ಒಡೆಯದೆ ನಸರಿ ಜೇನನ್ನು ಪೆಟ್ಟಿಗೆಗೆ ತಂದಿದ್ದು

ಕುಷ್ಟಗಿ ತಾಲ್ಲೂಕಿನ ನಮ್ಮೂರಲ್ಲಿ ಕಲ್ಲು-ಮಣ್ಣಿನ ಹಳೆ ಮನೆಗಳ ಗೋಡೆಸಂದಿಯಲ್ಲಿ ನಸರಿ ಜೇನು ಕೂರುತ್ತದೆ. ಅಂಟಿನ ಸಣ್ಣ ಕೊಳವೆ ಹೊರಗೆ ಚಾಚಿದ್ದರೆ ಅದೇ ಅದರ ಬಾಗಿಲು. 3-4 ಮಿಲಿಮೀಟರಿನ ಕಪ್ಪು ಹುಳ. ಮುಳ್ಳು ಚುಚ್ಚುವುದಿಲ್ಲ, ಕೆಣಕಿದರೆ ಕೂದಲಿಗೆ ಹೊಕ್ಕು ಕಚ್ಚುತ್ತದೆ. ತುಪ್ಪದ ಆಸೆಗೆ ಗೋಡೆ ಅಗೆಯುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ನಾನು ಅಗೆಯಲಿಲ್ಲ. ಎರಡು ಸೇರು ಜೋಳ ಹಿಡಿಯುವಷ್ಟು ಪೆಟ್ಟಿಗೆಯನ್ನು ದಪ್ಪ ಹಲಗೆಯಲ್ಲಿ ಮಾಡಿಸಿ, ಎದುರುಬದುರು ಎರಡು ತೂತು ಹಾಕಿಸಿದೆ. ಗೌಂಡಿಗಳು ಮಟ್ಟ ನೋಡುವ ಲೆವೆಲ್ ಪೈಪಿನ ತುಂಡೊಂದನ್ನು ಗೋಡೆಯ ಬಾಯಿಗೆ ಸೇರಿಸಿ, ಸುತ್ತ ಹಸಿಮಣ್ಣು ಮೆತ್ತಿ, ಇನ್ನೊಂದು ತುದಿ ಪೆಟ್ಟಿಗೆಯೊಳಗೆ ಬಿಟ್ಟೆ. ಇನ್ನು ಹುಳ ಹೊರಗೆ ಹೋಗಬೇಕೆಂದರೆ ಪೆಟ್ಟಿಗೆ ದಾಟಲೇಬೇಕು. ಹಳೆ ಕೊಳವೆಯ ಅಂಟನ್ನು ಬಿಡಿಸಿ ಹೊಸ ಬಾಗಿಲಿಗೆ ಸವರಿದೆ. ಆ ವಾಸನೆಗೇ ಅವು ದಾರಿ ಹಿಡಿಯುವುದು.

ಮುಂದೆ ತಿಂಗಳುಗಟ್ಟಲೆ ಕಾಯುವ ಕೆಲಸ. "ಗ್ವಾಡಿಗೆ ಏನ್ ಜೋತು ಬಿಟ್ಟಿಯೋ" ಎಂದು ಅವ್ವ ಕೇಳುತ್ತಲೇ ಇದ್ದಳು. ಮೊದಲು ಕಂಡಿದ್ದು ಅಂಟು-ಮೇಣದ ಗಡಿಗೆಗಳು, ಕೆಲವಲ್ಲಿ ತುಪ್ಪ, ಕೆಲವಲ್ಲಿ ಪರಾಗ. ಇಷ್ಟಕ್ಕೇ ಪೈಪು ಕತ್ತರಿಸಬಾರದು. ಮರಿಕೋಶಗಳು ದ್ರಾಕ್ಷಿ ಗೊಂಚಲಿನಂತೆ ಒತ್ತಾಗಿ ಕೂತಿರಬೇಕು. ಹೊಸ ಕೋಶ ಕಂದು, ಒಳಗಿನ ಮರಿ ಬಲಿತಂತೆ ಬಿಳಿಚುತ್ತದೆ. ಕಂದು ಕೋಶ ಬರುತ್ತಲೇ ಇದ್ದರೆ ಈ ಪೆಟ್ಟಿಗೆಯಲ್ಲೇ ರಾಣಿ ಮೊಟ್ಟೆ ಇಡುತ್ತಿದೆ ಎಂದರ್ಥ. ಆಮೇಲಷ್ಟೇ ಬೇರ್ಪಡಿಸಿದೆ. ಗೋಡೆಯ ಗೂಡು ಗೋಡೆಯಲ್ಲೇ ಉಳಿಯಿತು.

ನಮ್ಮ ಕಡೆ ದೊಡ್ಡ ಶತ್ರು ಬಿಸಿಲು. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದರೆ ಮೇಣದ ಗಡಿಗೆ ಮೆತ್ತಗಾಗಿ ಕುಸಿಯುತ್ತದೆ. ತಗಡಿನ ಕೆಳಗೆ ಇಡಲೇಬೇಡಿ. ನಾನು ಬೇವಿನ ನೆರಳಲ್ಲಿ ಇಟ್ಟು ಮೇಲೆ ಹಸಿ ಗೋಣಿಚೀಲ ಹೊದಿಸುತ್ತೇನೆ, ಸ್ಟ್ಯಾಂಡಿನ ಕಾಲಿಗೆ ಇರುವೆ ಹತ್ತದಂತೆ ಗ್ರೀಸ್ ಹಚ್ಚುತ್ತೇನೆ. ಸಂದಿಗಳನ್ನೂ ಮಣ್ಣಿನಿಂದ ಮುಚ್ಚಿ. ತುಪ್ಪ ಚೆಲ್ಲಿದ ವಾಸನೆಗೆ ಗೂನುಬೆನ್ನಿನ ಸಣ್ಣ ನೊಣ ಬಂದು ಮೊಟ್ಟೆ ಇಟ್ಟರೆ ಇಡೀ ಗೂಡೇ ಹುಳು ಬೀಳುತ್ತದೆ.

ತುಪ್ಪ ವರ್ಷಕ್ಕೆ ಕೆಲವು ನೂರು ಗ್ರಾಂ ಅಷ್ಟೆ, ತುಸು ಹುಳಿ. ನಾನು ಸಾಕುವುದು ನುಗ್ಗೆ, ಉಳ್ಳಾಗಡ್ಡಿ ಬೀಜ, ದಾಳಿಂಬೆ ಹೂವಿಗಾಗಿ. ಇವು ದೂರ ಹೋಗುವುದಿಲ್ಲ, ಅರ್ಧ ಕಿಲೋಮೀಟರ್ ಆಸುಪಾಸಿನಲ್ಲೇ ಮೇಯುತ್ತವೆ. ಹಾಗಾಗಿ ಪಕ್ಕದ ಹೊಲದವರಿಗೆ ಮೊದಲೇ ಹೇಳಿ, ಔಷಧಿ ಹೊಡೆಯುವುದನ್ನು ಹುಳ ಗೂಡು ಸೇರಿದ ಮೇಲೆ, ಸಂಜೆಗೆ ಇಟ್ಟುಕೊಂಡಿದ್ದೇವೆ.