ಅಡಿಕೆ ಕೋಣೆಗೂ ಅಲಾರಂ: ಬೆಳೆದ ಮನೆಗೆ ಕಾವಲು ಬೆಳೆಸಿದ ನನ್ನ ಅನುಭವ

ನಮ್ಮದು ಸಾಗರ ತಾಲ್ಲೂಕಿನಲ್ಲಿರುವ ಒಂದು ಒಂಟಿಮನೆ. ಮಾರಾಟವಾಗುವ ತನಕ ಅಡಿಕೆ ಮೂಟೆಗಳು ಮನೆಯಲ್ಲೇ ಇರಬೇಕಾಗುತ್ತದೆ. ಕಳೆದ ಬೇಸಿಗೆಯಲ್ಲಿ ಹಿತ್ತಲ ಕಡೆಗೆ ಮನೆಯನ್ನು ಬೆಳೆಸಿ, ಮೂಟೆಗಳಿಗೆಂದೇ ಒಂದು ಕೋಣೆ, ಒಂದು ಹೊಸ ಬಚ್ಚಲು ಮತ್ತು ಇವೆರಡನ್ನೂ ಹಳೆಯ ಮನೆಗೆ ಜೋಡಿಸುವ ಒಂದು ಓಣಿಯನ್ನು ಕಟ್ಟಿಸಿದೆವು. ಮನೆಯಲ್ಲಿ ಆರು ವರ್ಷಗಳಿಂದ ಎಂಟು ಝೋನಿನ (ಅಂದರೆ ಬಾಗಿಲು, ಕೋಣೆ ಎಂದು ಬೇರೆ ಬೇರೆಯಾಗಿ ಕಾಯಬಲ್ಲ ಎಂಟು ಭಾಗಗಳ), ತಂತಿಯ ಮೂಲಕ ಕೆಲಸ ಮಾಡುವ ಕಳ್ಳರ ಅಲಾರಂ ಇದ್ದು, ಆರು ಝೋನ್‌ಗಳು ಬಳಕೆಯಲ್ಲಿದ್ದವು. ಉಳಿದ ಎರಡಕ್ಕೆ ಎರಡು ಸೆನ್ಸರ್ ಜೋಡಿಸಿದರೆ ಕೆಲಸ ಮುಗಿಯಿತು ಎಂದೇ ನಾನು ಭಾವಿಸಿದ್ದೆ.

ಕಾಗದದ ಮೇಲೆ ನಕ್ಷೆ ಬರೆದು ನೋಡಿದಾಗ ತಿಳಿದದ್ದು ಬೇರೆ. ಮನೆಯ ಗಡಿಯೇ ಸರಿದಿತ್ತು. ಅಡುಗೆಮನೆಯ ಹಿಂಬಾಗಿಲು ಇದುವರೆಗೆ ಹೊರಬಾಗಿಲಾಗಿದ್ದು, ಈಗ ಓಣಿಗೆ ತೆರೆಯುವ ಒಳಬಾಗಿಲಾಗಿತ್ತು. ಹಳೆಯ ವ್ಯವಸ್ಥೆಯನ್ನು ಹಾಗೆಯೇ ಬಿಟ್ಟಿದ್ದರೆ, ರಾತ್ರಿ ಅಮ್ಮ ಬಚ್ಚಲಿಗೆಂದು ಆ ಬಾಗಿಲು ತೆರೆದಾಗಲೆಲ್ಲ ಸೈರನ್ ಕೂಗುತ್ತಿತ್ತು. ಕಳ್ಳನಾದರೋ ಆ ಬಾಗಿಲನ್ನು ಮುಟ್ಟದೆಯೇ ಮೂಟೆ ಹೊತ್ತು ಹೋಗಬಹುದಿತ್ತು. ಹಾಗಾಗಿ ಓಣಿಯ ಹೊರಬಾಗಿಲು, ಮೂಟೆ ಸಾಗಿಸುವ ಕಬ್ಬಿಣದ ಬಾಗಿಲು, ಮೂಟೆ ಕೋಣೆಯ ಚಲನೆಯ ಸೆನ್ಸರ್, ಓಣಿಯ ಚಲನೆಯ ಸೆನ್ಸರ್ ಎಂದು ನಾಲ್ಕು ಹೊಸ ಝೋನ್‌ಗಳು ಬೇಕಾದವು. ಎರಡೆರಡನ್ನು ಒಂದೇ ಝೋನಿಗೆ ಸರಣಿಯಾಗಿ ಜೋಡಿಸಲು ಸಾಧ್ಯವಿತ್ತಾದರೂ, ನಡುರಾತ್ರಿ ಅಲಾರಂ ಕೂಗಿದಾಗ ಯಾವ ಬಾಗಿಲು ಎಂದು ಕೀಪ್ಯಾಡ್ ಹೇಳದಿದ್ದರೆ ಒಂಟಿಮನೆಯವರಿಗೆ ಅದರಿಂದ ಏನು ಪ್ರಯೋಜನ? ವೈರ್‌ಲೆಸ್ ಸೆನ್ಸರ್ ಒಂದನ್ನು ತಂದು ಪರೀಕ್ಷಿಸಿದೆ. ನಡುವಿನ ದಪ್ಪ ಜಂಬಿಟ್ಟಿಗೆ ಗೋಡೆಗಳನ್ನು ದಾಟಿ ಸಿಗ್ನಲ್ ಒಮ್ಮೆ ಬರುತ್ತಿತ್ತು, ಒಮ್ಮೆ ಬರುತ್ತಿರಲಿಲ್ಲ. ಕೊನೆಗೆ, ಎಲ್ಲ ತಂತಿಗಳೂ ಬಂದು ಸೇರುವ ನಿಯಂತ್ರಣ ಪೆಟ್ಟಿಗೆಯಾದ ನಮ್ಮ ಹಳೆಯ ಪ್ಯಾನೆಲ್‌ಗೆ ಹೊಂದುವ, ಎಂಟು ಝೋನ್‌ಗಳ ಎಕ್ಸ್‌ಪ್ಯಾಂಡರ್ ಬೋರ್ಡನ್ನು, ಅಂದರೆ ಝೋನ್‌ಗಳನ್ನು ಹೆಚ್ಚಿಸುವ ಫಲಕವನ್ನು, ತರಿಸಿದೆ.

ಗಾರೆ ಮಾಡುವ ಮೊದಲೇ 25 ಮಿಲಿಮೀಟರಿನ ಪಿವಿಸಿ ಪೈಪುಗಳನ್ನು ಗೋಡೆಯೊಳಗೆ ಇರಿಸಿ, ಒಳಗೆ ಎಳೆತಂತಿ ಬಿಟ್ಟಿದ್ದೆವು. ಕರೆಂಟಿನ ಪೈಪುಗಳಿಂದ ಇವನ್ನು ದೂರವೇ ಇಟ್ಟು, ಅಡ್ಡ ಹಾಯಲೇಬೇಕಾದ ಒಂದು ಕಡೆ ನೇರ ಲಂಬವಾಗಿ ದಾಟಿಸಿದೆವು. ಇಷ್ಟನ್ನು ಮೊದಲೇ ಮಾಡಿದ್ದರಿಂದ ಆರು ಎಳೆಯ ಕೇಬಲ್ ಎಳೆಯುವ ಕೆಲಸ ಅರ್ಧ ದಿನದಲ್ಲಿ ಮುಗಿಯಿತು.

ಪ್ಯಾನೆಲಿನ ಪೆಟ್ಟಿಗೆ ತೆರೆದ ದಿನ ಮಾತ್ರ ನನಗೆ ನಿಜವಾಗಿ ಬೇಸರವಾಯಿತು. ಸರ್ವಿಸ್ ಮೋಡ್‌ಗೆ ಹಾಕಿ, 230 ವೋಲ್ಟಿನ ಸಂಪರ್ಕ ತೆಗೆದು, ಬ್ಯಾಟರಿಯ ತಂತಿ ಕಳಚಿ ಮುಚ್ಚಳ ತೆರೆದರೆ, ವಿದ್ಯುತ್ತಿಗೆ ಗೊತ್ತಾದ ಅಳತೆಯ ತಡೆಯೊಡ್ಡುವ, ಹಳದಿ, ನೇರಳೆ, ಕೆಂಪು ಪಟ್ಟಿಗಳ ಆರು ರೆಸಿಸ್ಟರ್‌ಗಳು ಟರ್ಮಿನಲ್‌ಗಳ ಪಕ್ಕದಲ್ಲೇ ಸಾಲಾಗಿ ಕುಳಿತಿದ್ದವು. ನಮ್ಮ ಪ್ಯಾನೆಲ್ ಪ್ರತಿ ಝೋನಿನ ಕೊನೆಯಲ್ಲಿ 4.7 ಕಿಲೋ ಓಮ್ ರೆಸಿಸ್ಟರ್ ಇರಬೇಕೆಂದು ಬಯಸುತ್ತದೆ; ಅಷ್ಟೇ ತಡೆ ಕಂಡರೆ ಬಾಗಿಲು ಮುಚ್ಚಿದೆ, ಎಲ್ಲ ಸರಿಯಿದೆ ಎಂದು ತಿಳಿಯುತ್ತದೆ. ಆ ರೆಸಿಸ್ಟರ್ ಸೆನ್ಸರಿನ ಒಳಗೆ, ತಂತಿಯ ತುದಿಯಲ್ಲಿರಬೇಕು. ಹಾಗಿದ್ದಾಗ ಯಾರಾದರೂ ನಡುವೆ ತಂತಿ ಸುಲಿದು ಎರಡು ಎಳೆಗಳನ್ನು ಕೂಡಿಸಿದರೆ ಪ್ಯಾನೆಲ್‌ಗೆ ಸೊನ್ನೆ ಓಮ್ ಕಾಣಿಸಿ ಅದು ದೋಷ ತೋರಿಸುತ್ತದೆ. ರೆಸಿಸ್ಟರ್ ಪೆಟ್ಟಿಗೆಯಲ್ಲೇ ಇದ್ದರೆ, ತಂತಿ ಕೂಡಿಸಿದರೂ ಅಥವಾ ಇಲಿ ಕಚ್ಚಿ ಎಳೆಗಳು ತಾನಾಗಿ ಕೂಡಿಕೊಂಡರೂ ಪ್ಯಾನೆಲ್‌ಗೆ ಅದೇ 4.7 ಕಿಲೋ ಓಮ್ ಕಾಣುತ್ತಿರುತ್ತದೆ. ಬಾಗಿಲು ತೆರೆದರೂ ಅದಕ್ಕೆ ಗೊತ್ತಾಗುವುದಿಲ್ಲ. ಆರು ವರ್ಷ ನಾವು ಈ ಸ್ಥಿತಿಯಲ್ಲಿ ನೆಮ್ಮದಿಯಿಂದ ಮಲಗಿದ್ದೆವು. ಸಹಾಯಕ್ಕೆ ಬಂದಿದ್ದ ಎಲೆಕ್ಟ್ರಿಷಿಯನ್, “ವಯರ್ ಕಡಿದ್ರೆ ಸೈರನ್ ಆಗ್ತದಲ್ಲ ಮಾರಾಯ್ರೇ, ಮತ್ತೆಂತ ಬೇಕು?” ಎಂದರು. ನಾನು ಹಿಂಬಾಗಿಲಿನ ಝೋನಿನ ಎರಡು ಎಳೆಗಳನ್ನು ಕೂಡಿಸಿ, ಮತ್ತೆ ಪ್ಯಾನೆಲ್ ಚಾಲೂ ಮಾಡಿ, ಬಾಗಿಲನ್ನು ಪೂರ್ತಿ ತೆರೆದು ತೋರಿಸಿದೆ. ಸೈರನ್ ಕೂಗಲಿಲ್ಲ. ಅನಂತರ ಅವರೇ ಮುಂದೆ ನಿಂತು ಆರೂ ರೆಸಿಸ್ಟರ್‌ಗಳನ್ನು ಒಂದೊಂದಾಗಿ ಸೆನ್ಸರ್‌ಗಳ ಒಳಗೆ ಬೆಸುಗೆ ಹಾಕಿಕೊಟ್ಟರು.

ಮೂಟೆ ಕೋಣೆಯ ಮಾಡು ಹಂಚಿನದು. ಕಳ್ಳನಿಗೆ ಬಾಗಿಲೇ ಬೇಕೆಂದಿಲ್ಲ, ನಾಲ್ಕು ಹಂಚು ಸರಿಸಿದರೆ ಸಾಕು. ಆದ್ದರಿಂದ ಚಲನೆಯ ಸೆನ್ಸರನ್ನು 2.2 ಮೀಟರ್ ಎತ್ತರದಲ್ಲಿ ಮೂಲೆಗೆ ಕೂರಿಸಿದೆ. ಇಂಥ ಸೆನ್ಸರ್ ತನ್ನೆದುರಿಗೆ ನೇರವಾಗಿ ನಡೆದು ಬರುವವರಿಗಿಂತ ಅಡ್ಡಲಾಗಿ ಹಾಯುವವರನ್ನು ಚೆನ್ನಾಗಿ ಗುರುತಿಸುತ್ತದೆ. ಮೂಲೆಯಿಂದ ನೋಡಿದರೆ ಮಾಡಿನಿಂದ ಇಳಿದವನು ಬಾಗಿಲಿನತ್ತ ಹೋಗಲು ಅಡ್ಡ ಹಾಯಲೇಬೇಕು. ಮೊದಲು ಆರಿಸಿದ್ದ ಮೂಲೆಯಿಂದ ಗಾಜಿನ ಹಂಚಿನ ಬಿಸಿಲು ಬೀಳುವ ನೆಲ ನೇರವಾಗಿ ಕಾಣುತ್ತಿತ್ತು. ಮೋಡ ಸರಿದು ಬಿಸಿಲು ಬಿದ್ದಾಗ ನೆಲ ಒಮ್ಮೆಲೇ ಕಾದು, ಮಧ್ಯಾಹ್ನ ಎರಡು ಬಾರಿ ಸುಳ್ಳು ಅಲಾರಂ ಬಂದ ಮೇಲೆ ಎದುರು ಮೂಲೆಗೆ ಬದಲಾಯಿಸಿದೆ. ಕೇಬಲ್ ಒಳಹೋಗುವ ತೂತನ್ನು ಸಿಲಿಕೋನಿನಿಂದ ಮುಚ್ಚಿದೆ. ಇಲ್ಲದಿದ್ದರೆ ಮಳೆಗಾಲದಲ್ಲಿ ಇರುವೆಗಳು ಒಳಗೆ ಗೂಡು ಮಾಡುತ್ತವೆ. ಮೂಟೆಗಳ ಅಟ್ಟಿ ಎತ್ತರವಾದರೆ ಸೆನ್ಸರ್ ಕುರುಡಾಗುತ್ತದೆಂದು ಗೋಡೆಯ ಮೇಲೆ ಸುಣ್ಣದ ಗೆರೆ ಎಳೆದಿದ್ದೇವೆ. ಅದನ್ನು ಮೀರಿ ಮೂಟೆ ಒಟ್ಟುವಂತಿಲ್ಲ.

ಕಬ್ಬಿಣದ ಬಾಗಿಲಿಗೆ ಸಣ್ಣ ಅಯಸ್ಕಾಂತದ ಸ್ವಿಚ್ ಆಗುವುದಿಲ್ಲ. ಕಬ್ಬಿಣವು ಅಯಸ್ಕಾಂತದ ಬಲವನ್ನು ತನ್ನತ್ತ ಎಳೆದುಕೊಳ್ಳುವುದರಿಂದ, ಶಟರ್‌ಗಳಿಗೆ ಹಾಕುವ ದೊಡ್ಡ ನಮೂನೆಯದನ್ನೇ ಹಾಕಿದೆವು. ಓಣಿಯ ಮರದ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಸೊರಗುವಂಥದ್ದಾದ್ದರಿಂದ, ಸಂದು ಹೆಚ್ಚಾದಾಗಲೂ ಸಂಪರ್ಕ ತಪ್ಪದಂತೆ ಅಯಸ್ಕಾಂತವನ್ನು ಸ್ವಿಚ್ಚಿಗೆ ಸಾಕಷ್ಟು ಹತ್ತಿರವಾಗಿ ಕೂರಿಸಿದೆ.

ಹಿತ್ತಲಲ್ಲಿ ಎರಡನೆಯ ಸೈರನ್ ಹಾಕುವಾಗ ಲೆಕ್ಕ ಮಾಡದೆ ಹೋಗಿದ್ದರೆ ಅದು ಸಣ್ಣ ದನಿಯಲ್ಲಿ ಕೂಗುತ್ತಿತ್ತು. 0.22 ಚದರ ಮಿಲಿಮೀಟರಿನ ಎಳೆಗೆ ಮೀಟರಿಗೆ ಸುಮಾರು 0.08 ಓಮ್ ರೋಧ. 25 ಮೀಟರ್ ದೂರಕ್ಕೆ ಹೋಗಿ ಬರುವ ದಾರಿ ಸೇರಿ 4 ಓಮ್. 400 ಮಿಲಿಆಂಪ್ ಎಳೆಯುವ ಸೈರನಿಗೆ ಇದರಿಂದ 1.6 ವೋಲ್ಟ್ ನಷ್ಟವಾಗುತ್ತದೆ. ಎರಡೆರಡು ಎಳೆಗಳನ್ನು ಸಮಾಂತರವಾಗಿ ಜೋಡಿಸಿ ನಷ್ಟವನ್ನು ಅರ್ಧಕ್ಕೆ ಇಳಿಸಿದೆ.

ಬ್ಯಾಟರಿಯದು ಇನ್ನೊಂದು ಲೆಕ್ಕ. ಮೊದಲು 160 ಮಿಲಿಆಂಪ್ ಎಳೆಯುತ್ತಿದ್ದ ವ್ಯವಸ್ಥೆ ಈಗ 215 ಎಳೆಯುತ್ತದೆ. 7 ಆಂಪಿಯರ್-ಗಂಟೆಯ ಹೊಸ ಬ್ಯಾಟರಿ ಲೆಕ್ಕದ ಪ್ರಕಾರ 32 ಗಂಟೆ ಬರಬೇಕು. ನಮ್ಮ ಹಳೆಯದನ್ನು ಕರೆಂಟ್ ತೆಗೆದು ಪರೀಕ್ಷಿಸಿದರೆ ಒಂಬತ್ತು ಗಂಟೆಗೇ ಕೈಬಿಟ್ಟಿತು. ಆಷಾಢದ ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದರೆ ಎರಡು ದಿನ ಕರೆಂಟ್ ಇಲ್ಲದಿರುವುದು ನಮ್ಮಲ್ಲಿ ಸಾಮಾನ್ಯ. ಹೆಚ್ಚು ದೊಡ್ಡ ಬ್ಯಾಟರಿಯನ್ನು ಚಾರ್ಜ್ ಮಾಡುವ ಶಕ್ತಿ ಪ್ಯಾನೆಲ್‌ಗೆ ಇಲ್ಲವಾದ್ದರಿಂದ, ಅದೇ ಅಳತೆಯ ಹೊಸದನ್ನು ಹಾಕಿ, ಪ್ಯಾನೆಲನ್ನು ಮನೆಯ ಇನ್ವರ್ಟರ್ ಲೈನಿಗೆ ಸೇರಿಸಿದೆ.

ಈಗ ರಾತ್ರಿಯ ಮೋಡಿನಲ್ಲಿ ಹೊರಬಾಗಿಲುಗಳೂ ಮೂಟೆ ಕೋಣೆಯೂ ಎಚ್ಚರವಾಗಿರುತ್ತವೆ. ಹಳೆಯ ಹಿಂಬಾಗಿಲು ಮತ್ತು ಓಣಿಯ ಸೆನ್ಸರ್ ಸುಮ್ಮನಿರುತ್ತವೆ, ಅಮ್ಮ ನಿರಾತಂಕವಾಗಿ ಬಚ್ಚಲಿಗೆ ಹೋಗಿ ಬರುತ್ತಾರೆ. ಮನೆಗೆ ಬೀಗ ಹಾಕಿ ಹೋದಾಗ ಎಲ್ಲವೂ ಎಚ್ಚರ. ಹತ್ತು ಝೋನ್‌ಗಳ ಹೆಸರು, ಯಾವ ಬಣ್ಣದ ಎಳೆ ಎಲ್ಲಿಗೆ ಹೋಗಿದೆ, ರೆಸಿಸ್ಟರ್ ಎಲ್ಲಿದೆ, ಬ್ಯಾಟರಿ ಹಾಕಿದ ತಾರೀಖು ಯಾವುದು ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಮುಂದೆ ಈ ಪೆಟ್ಟಿಗೆ ತೆರೆಯುವವರಿಗೆ ಮೊದಲು ಕಾಣುವಂತೆ ಮುಚ್ಚಳದ ಒಳಬದಿಗೆ ಅಂಟಿಸಿದ್ದೇನೆ.