ಚಿತ್ರದ ಅಂದ ಕೆಡದಂತೆ ಫೈಲ್ ಗಾತ್ರ ಇಳಿಸುವ ಕ್ರಮ

ಚಿತ್ರದುರ್ಗದ ಕೋಟೆಯಲ್ಲಿ 12 ಮೆಗಾಪಿಕ್ಸೆಲ್ ಮೊಬೈಲ್‌ನಿಂದ ತೆಗೆದ ಫೋಟೊ ಸುಮಾರು 4000×3000 ಪಿಕ್ಸೆಲ್ ಅಳತೆಯದ್ದಾಗಿದ್ದು, ಹಲವು ಎಂಬಿಗಳಷ್ಟು ಜಾಗ ಹಿಡಿಯುತ್ತದೆ. ಅದನ್ನು ಜಾಲತಾಣಕ್ಕೆ ಹಾಕಬೇಕಾದಾಗ ಅನೇಕರು ಮೊದಲು ಫೈಲ್ ಉಳಿಸುವಾಗ ಕೇಳುವ ಕ್ವಾಲಿಟಿಯ (ಗುಣಮಟ್ಟದ) ಅಂಕಿಗೇ ಕೈ ಹಾಕುತ್ತಾರೆ. ಇಳಿಸಬೇಕಾದದ್ದು ಮೊದಲು ಅಳತೆಯನ್ನು. 1600×1200ಕ್ಕೆ ಇಳಿಸಿದರೆ ಉಳಿಯುವುದು ಮೂಲದ ಶೇ. 16ರಷ್ಟು ಪಿಕ್ಸೆಲ್ ಮಾತ್ರ; ಪುಟದಲ್ಲಿ ಅಷ್ಟೇ ಅಗಲಕ್ಕೆ ಕಾಣುವ ಚಿತ್ರದಲ್ಲಿ ಈ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ.

ಕೆಲಸ ಆರಂಭಿಸುವಾಗ ಮೂಲ ಫೈಲನ್ನು ಹಾಗೆಯೇ ಉಳಿಸಿಕೊಂಡು ಪ್ರತಿಯ ಮೇಲೆ ಕೈಯಾಡಿಸಬೇಕು, ಏಕೆಂದರೆ ಜೆಪೆಗ್ (ಫೋಟೊಗಳನ್ನು ಸಾಮಾನ್ಯವಾಗಿ ಉಳಿಸುವ ಫೈಲ್ ರೂಪ) ಚಿತ್ರವನ್ನು ತಿದ್ದಿ ಮತ್ತೆ ಮತ್ತೆ ಸೇವ್ ಮಾಡಿದಂತೆಲ್ಲ ಅದು ಇನ್ನಷ್ಟು ಸವೆಯುತ್ತದೆ. ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಬರುವುದಾದರೆ ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಲು ಹೇಳುವುದು ಒಳ್ಳೆಯದು. ಇಲ್ಲದಿದ್ದರೆ ನಮ್ಮ ಕೈ ಸೇರುವ ಮೊದಲೇ ಅದು ಕುಗ್ಗಿರುತ್ತದೆ. ಉಚಿತವಾಗಿ ಸಿಗುವ ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಇಮೇಜ್ ಮೆನುವಿನ ಸ್ಕೇಲ್ ಇಮೇಜ್‌ನಿಂದ ಅಳತೆ ಇಳಿಸಿ, ಫೈಲ್ ಮೆನುವಿನ ಎಕ್ಸ್‌ಪೋರ್ಟ್ ಆ್ಯಸ್ ಮೂಲಕ ಜೆಪೆಗ್ ಆಗಿ ಉಳಿಸಬಹುದು. ಕ್ವಾಲಿಟಿಯನ್ನು 80ರ ಆಸುಪಾಸಿನಲ್ಲಿಟ್ಟು ಆರಂಭಿಸಿ, ಚಿತ್ರವನ್ನು ಶೇ. 100ರ ಝೂಮ್‌ನಲ್ಲಿ ನೋಡುತ್ತ ಹೆಚ್ಚು ಕಡಿಮೆ ಮಾಡಬೇಕು.

ಎಲ್ಲಿ ನೋಡಬೇಕು ಎಂಬುದೇ ಇಲ್ಲಿ ಮುಖ್ಯ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಪ್ರತಿ ಚೌಕದ ಸೂಕ್ಷ್ಮ ವಿವರಗಳನ್ನು ಒರಟಾಗಿಸುತ್ತದೆ. ಕೋಟೆಯ ಬಂಡೆಗಳ ತರಿತರಿ ಮೈ ಫೈಲಿನ ಹೆಚ್ಚಿನ ಪಾಲನ್ನು ತಾನೇ ನುಂಗುತ್ತದೆಯಾದರೂ, ಆದ ಹಾನಿಯನ್ನು ಅಷ್ಟೇ ಚೆನ್ನಾಗಿ ಮುಚ್ಚಿಡುತ್ತದೆ. ಅದೇ ಚಿತ್ರದ ನೀಲಿ ಆಕಾಶಕ್ಕೆ ಬೇಕಾಗುವುದು ಅತಿ ಕಡಿಮೆ ಜಾಗ, ಆದರೆ ಕ್ವಾಲಿಟಿ ತುಸು ಹೆಚ್ಚು ಇಳಿದರೂ ಅಲ್ಲಿ ಪಟ್ಟೆಗಳೂ ಚೌಕಗಳೂ ಏಳುತ್ತವೆ. ಕೋಟೆಯ ತೆನೆಗಳು ಆಕಾಶಕ್ಕೆ ತಾಗುವ ಅಂಚಿನಲ್ಲಿ ಕೊಳೆ ಮೆತ್ತಿದಂತೆ ಕಲೆಗಳು ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಬಂಡೆಯನ್ನು ನೋಡಿ ತೃಪ್ತಿಪಡದೆ ಆಕಾಶವನ್ನೂ ಅಂಚನ್ನೂ ನೋಡಿ ತೀರ್ಮಾನಿಸಬೇಕು.

ಫಲಕಗಳ ಫೋಟೊಗಳಿಗೆ ಇನ್ನೊಂದು ಎಚ್ಚರ ಬೇಕು. ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲೊಂದರ ಹಳದಿ ಫಲಕದ ಮೇಲೆ ಕೆಂಪು ಅಕ್ಷರಗಳಿವೆ ಎಂದುಕೊಳ್ಳಿ. ಬೆಳಕಿನ ವಿವರಕ್ಕಿಂತ ಬಣ್ಣದ ವಿವರವನ್ನು ಹೆಚ್ಚು ಕಡಿತ ಮಾಡುವುದು ಜೆಪೆಗ್‌ನಲ್ಲಿ ರೂಢಿ. ಹೀಗಾಗಿ ‘ಬೆಣ್ಣೆ’ಯ ಣಕಾರದ ಒತ್ತು ಮೊದಲು ಮಸುಕಾಗುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗ ಈ ಬಣ್ಣದ ಕಡಿತವನ್ನು ನಿರ್ಧರಿಸುವ ಸಬ್‌ಸ್ಯಾಂಪ್ಲಿಂಗ್ ಆಯ್ಕೆಯನ್ನು ಕಡಿತವಿಲ್ಲದ 4:4:4ಕ್ಕೆ ಇಟ್ಟರೆ ಫೈಲ್ ಸ್ವಲ್ಪ ದೊಡ್ಡದಾಗುತ್ತದೆ, ಅಕ್ಷರ ಮಾತ್ರ ನಿಚ್ಚಳವಾಗಿ ಉಳಿಯುತ್ತದೆ. ಕಂಪ್ಯೂಟರಿನಲ್ಲೇ ರಚಿಸಿದ ನಕ್ಷೆ, ಲೋಗೊ, ಸ್ಕ್ರೀನ್‌ಶಾಟ್‌ಗಳಿಗೆ ವಿವರ ಕಳೆಯದೆ ಉಳಿಸುವ ಪಿಎನ್‌ಜಿ ಎಂಬ ಫೈಲ್ ರೂಪವೇ ಸೂಕ್ತ. ಫೋಟೊವನ್ನು ಪಿಎನ್‌ಜಿ ಮಾಡುವುದರಿಂದ ಗಾತ್ರ ಏರುವುದೇ ಹೊರತು ಕಳೆದುಹೋದ ವಿವರ ಮರಳುವುದಿಲ್ಲ.

ಗೂಗಲ್ 2010ರಲ್ಲಿ ಹೊರತಂದ ವೆಬ್‌ಪಿ ಎಂಬ ಫೈಲ್ ರೂಪ ಸಾಮಾನ್ಯವಾಗಿ ಜೆಪೆಗ್‌ಗಿಂತ ಚಿಕ್ಕ ಫೈಲ್ ಕೊಡುತ್ತದೆ. ಇಂದಿನ ಬ್ರೌಸರ್‌ಗಳೆಲ್ಲ ಅದನ್ನು ತೆರೆಯುತ್ತವೆ. ಆದರೆ ಅರ್ಜಿ ತುಂಬುವ ಹಲವು ತಾಣಗಳು ಜೆಪೆಗ್ ಮಾತ್ರ ಕೇಳುವುದರಿಂದ ಅಲ್ಲಿ ಈ ಪ್ರಯೋಗ ಬೇಡ.

ಕೊನೆಯದಾಗಿ, ಫೋಟೊದೊಳಗೆ ಅಡಗಿರುವ ಮೆಟಾಡೇಟಾವನ್ನು, ಅಂದರೆ ಚಿತ್ರದ ಬಗೆಗಿನ ಮಾಹಿತಿಯನ್ನು, ತೆಗೆಯಬಹುದು. ಉಳಿತಾಯ ಹೆಚ್ಚೇನೂ ಇಲ್ಲ, ಆದರೆ ಫೋಟೊ ತೆಗೆದ ಸ್ಥಳದ ಜಿಪಿಎಸ್ ಗುರುತು ಅದರಲ್ಲಿರಬಹುದಾದ್ದರಿಂದ ಮನೆಯ ಚಿತ್ರಗಳ ಮಟ್ಟಿಗೆ ಇದನ್ನು ಮಾಡಲೇಬೇಕು. ಚಿತ್ರ ಯಾವ ಮಗ್ಗುಲಿಗೆ ನಿಲ್ಲಬೇಕೆಂಬ ಸೂಚನೆಯೂ ಅಲ್ಲೇ ಇರುವುದರಿಂದ, ತೆಗೆದ ಮೇಲೆ ಫೋಟೊ ಅಡ್ಡ ಮಲಗಿದರೆ ಅದನ್ನು ನೆಟ್ಟಗೆ ತಿರುಗಿಸಿ ಮತ್ತೊಮ್ಮೆ ಎಕ್ಸ್‌ಪೋರ್ಟ್ ಮಾಡಬೇಕಾಗುತ್ತದೆ.